ಗಡಿನಾಡಿನ ಕಲಾವಿಹಾರ: ಉಮರ್ಗಾ, ನಿಲಂಗಾ, ಉದಗೀರ

ವಿಹಾರವೆಂದೊಡನೆ ಇಂದಿನ ಪ್ರವಾಸಿಗರ ಮನಸ್ಸು ಪಣಜಿಯ ಮಾಂಡೋವಿ ನದಿಯಲ್ಲಿ ತೇಲುವ ಕ್ಯಾಸಿನೊಗಳತ್ತ ಹರಿಯುವುದಾದರೂ, ಕಲೆಯನ್ನೂ ವಿನೋದವನ್ನೂ ಒಂದೇ ಪಯಣದಲ್ಲಿ ಸವಿಯಬಯಸುವ ರಸಿಕರಿಗೆ ಮಹಾರಾಷ್ಟ್ರದ ಗಡಿಯ ಈ ಮೂರು ತಾಲ್ಲೂಕುಗಳು ಅದಕ್ಕಿಂತ ಮಿಗಿಲಾದ ತೃಪ್ತಿಯನ್ನೀಯಬಲ್ಲುವು. ಇವುಗಳ ಪೈಕಿ ನಿಲಂಗಾ, ಉದಗೀರಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಗೆ ಸೇರಿದ್ದುವು.

ನಿಲಂಗಾದ ನೀಲಕಂಠೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯರ ಶಿಲ್ಪಸಂಪ್ರದಾಯಕ್ಕೆ ಸೇರಿದ, ಮೂರು ಗರ್ಭಗುಡಿಗಳ ತ್ರಿಕೂಟ. ಅದರ ಹೊರಭಿತ್ತಿಯ ಕೋನಕೋನಗಳಲ್ಲಿ ನಿಂತ ಸುರಸುಂದರಿಯರ ಕಂಠಾಭರಣ, ಮೇಖಲೆ, ಬಾಗಿದ ನಡು ಇವೆಲ್ಲವೂ ಬೆಳಗಿನ ಓರೆಬಿಸಿಲಿನಲ್ಲಿ ಸ್ಫುಟವಾಗಿ ತೋರುವುದರಿಂದ, ಅವಸರಪಡದೆ ಪ್ರದಕ್ಷಿಣೆ ಬಂದು ನೋಡತಕ್ಕ ಗುಡಿಯಿದು. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿನ ಉಮರ್ಗಾದಲ್ಲಿಯೂ ಪ್ರಾಚೀನ ಶಿವಾಲಯವೊಂದುಂಟು.

ಉದಗೀರದ ಕೋಟೆಯು 1760ರಲ್ಲಿ ಮರಾಠಾ ಸೇನಾನಿ ಸದಾಶಿವರಾವ್ ಭಾವೂ ನಿಜಾಮನ ಸೇನೆಯನ್ನು ಸೋಲಿಸಿದ ಕಾಳಗದಿಂದ ಪ್ರಸಿದ್ಧ. 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನವು 2022ರ ಏಪ್ರಿಲಿನಲ್ಲಿ ಈ ಊರಿನಲ್ಲಿಯೇ ನೆರವೇರಿತು.

ಜನರ ನಿಜವಾದ ವಿನೋದವಿರುವುದು ಜಾತ್ರೆಗಳಲ್ಲಿ. ಹಣೆತುಂಬ ಭಂಡಾರ ಬಳಿದುಕೊಂಡ, ದೇವರಿಗೆ ಮುಡಿಪಾದ ವಾಘ್ಯಾ-ಮುರಳಿಯರು ತುಣತುಣೆ ಮೀಟುತ್ತ, ದಿಮಡಿ ಬಾರಿಸುತ್ತ ಇರುಳಿಡೀ ಖಂಡೋಬನ ಜಾಗರಣೆ ನಡೆಸುವರು. ಆ ದೈವವೇ ಕನ್ನಡಿಗರ ಮೈಲಾರನಾದುದರಿಂದ, ಗಡಿಯ ಎರಡೂ ಕಡೆಯ ಭಕ್ತರು ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಸನ್ನಿಧಿಯಲ್ಲಿಯೂ ಕೂಡುತ್ತಾರೆ.