ಸುಣ್ಣ

ಸಂಸ್ಕೃತದಲ್ಲಿ ಪುಡಿಯೆಂಬ ಸಾಮಾನ್ಯಾರ್ಥವುಳ್ಳ ‘ಚೂರ್ಣ’ ಶಬ್ದವು ಪ್ರಾಕೃತದಲ್ಲಿ ‘ಚುಣ್ಣ’ವೆಂಬ ರೂಪವನ್ನು ತಾಳಿ, ಕನ್ನಡಕ್ಕೆ ‘ಸುಣ್ಣ’ವಾಗಿ ಬಂದಾಗ, ಅದರ ಅರ್ಥವು ಸಂಕೋಚಗೊಂಡು, ವೀಳ್ಯದೆಲೆಗೂ ಗೋಡೆಗೂ ಸಲ್ಲುವ ಬಿಳಿಯ ವಸ್ತುವೊಂದಕ್ಕೇ ಮೀಸಲಾಯಿತು. ತಮಿಳಿನ ‘ಸುಣ್ಣಾಂಬು’ ಇದೇ ಬಳಗದ್ದು. ಇಂಗ್ಲಿಷಿನವರು ‘ಚುನಂ’ ಎಂದು ಸ್ವೀಕರಿಸಿದ ರೂಪಕ್ಕೆ 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿಯೂ ಸ್ಥಾನ ದೊರೆತಿದೆ.

ಚುನಂ ಪದದ ಕೀರ್ತಿಯೆಲ್ಲ ಮದರಾಸಿನ ಗಾರೆಯದು. ಕಡಲ ಚಿಪ್ಪುಗಳನ್ನು ಸುಟ್ಟು ನೀರಿನಲ್ಲಿ ಅರಳಿಸಿದ ಸುಣ್ಣವನ್ನು ಮರಳಿನೊಡನೆ ಕಲಸಿ, ಮೇಲಿನ ಪದರವು ಕಚ್ಚಿಕೊಳ್ಳಲೆಂದೇ ಮೊದಲ ಪದರವನ್ನು ಒರಟಾಗಿ ಬಿಟ್ಟು, ಮೊಟ್ಟೆಯ ಲೋಳೆ, ಮೊಸರು, ತುಪ್ಪಗಳನ್ನು ಬೆರೆಸಿದ ಕಡೆಯ ಲೇಪವನ್ನು ಕಲ್ಲಿನಿಂದ ತಿಕ್ಕಿ ತಿಕ್ಕಿ ನುಣುಪುಗೊಳಿಸಿದರೆ, ಗೋಡೆಯು ಅಮೃತಶಿಲೆಯಂತೆ ಹೊಳೆಯುತ್ತಿದ್ದಿತು. ಎಂತಹ ಶ್ರದ್ಧೆಯ ಕೆಲಸ ಅದು!

ಈಗ ಚೆನ್ನೈಯ ಮನೆಗಳ ಒಳಗೆ ಜಿಪ್ಸಂ ಹಲಗೆಯ ಗೋಡೆಗಳೂ ಬಂದಿವೆ. ಹಲಗೆಯ ಕಾಗದವೂ ಸಂದುಗಳಲ್ಲಿ ತುಂಬಿದ ಪುಟ್ಟಿಯೂ ಬಣ್ಣವನ್ನು ಒಂದೇ ಸಮನೆ ಹೀರಲಾರವಾದ್ದರಿಂದ, ಮೊದಲು ಪ್ರೈಮರ್ ಬಳಿಯದಿದ್ದಲ್ಲಿ ಸಂದುಗಳೆಲ್ಲ ಎದ್ದು ಕಾಣುವುವು. ಈ ಲೇಪಗಳಲ್ಲಿ ಸುಣ್ಣದ ಅಂಶವಿರಲಿ ಇಲ್ಲದಿರಲಿ, ಕನ್ನಡಿಗರು ಇಂದಿಗೂ ಮನೆಗೆ ‘ಸುಣ್ಣಬಣ್ಣ ಮಾಡಿಸಿದೆವು’ ಎಂದೇ ಹೇಳುತ್ತಾರೆ. ಆ ಮಾತನ್ನು ತಿದ್ದಬೇಕಾದ ಅಗತ್ಯವಿಲ್ಲ.