ಜಾಗ ಬದಲಿಸಿದ ರೇಖೆ

ಕೊಪ್ಪಳದಿಂದ ಕುಷ್ಟಗಿ, ಇಳಕಲ್ಲ ಮಾರ್ಗವಾಗಿ ಹುನಗುಂದಕ್ಕೆ ಹೋಗುವವರ ಕಣ್ಣಿಗೆ ಬೀಳದ ಒಂದು ಸ್ಥಳ ಆ ಸೀಮೆಯಲ್ಲಿದೆ. ಹುನಗುಂದದ ನೈಋತ್ಯಕ್ಕೆ, ಐಹೊಳೆಯ ಪೂರ್ವಕ್ಕೆ, 16 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 76 ಡಿಗ್ರಿ ಪೂರ್ವ ರೇಖಾಂಶಗಳು ಅಲ್ಲಿ ಒಂದನ್ನೊಂದು ದಾಟುತ್ತವೆ. ಇಂಥ ಪೂರ್ಣಾಂಕದ ಬಿಂದುಗಳನ್ನು ಹುಡುಕಿ ಹೋಗಿ ಚಿತ್ರ ತೆಗೆಯುವ ಹವ್ಯಾಸವನ್ನು 1996ರಲ್ಲಿ ಅಮೆರಿಕದ ಅಲೆಕ್ಸ್ ಜ್ಯಾರೆಟ್ ಆರಂಭಿಸಿದರು. ಉಪಗ್ರಹಗಳ ಸಂಕೇತದಿಂದ ಸ್ಥಳ ತಿಳಿಸುವ ಉಪಕರಣ ಕೈಗೆ ಬಂದ ಮೇಲೆ ಅದು ಲೋಕವ್ಯಾಪಿಯಾಯಿತು.

ನಮ್ಮ ಈ ಬಿಂದುವಿಗೆ ಇನ್ನೊಂದು ವಿಶೇಷವಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯು ಭೂಪಟ ರಚನೆಗಾಗಿ ದೇಶವನ್ನು ನಾಲ್ಕು ನಾಲ್ಕು ಡಿಗ್ರಿಗಳ ಚೌಕಗಳಾಗಿ ವಿಂಗಡಿಸಿ ಸಂಖ್ಯೆ ಕೊಟ್ಟಿತು. ಅವುಗಳಲ್ಲಿ 47, 48, 56 ಮತ್ತು 57ನೇ ಚೌಕಗಳ ಮೂಲೆಗಳು ಕೂಡುವುದು ಇಲ್ಲಿಯೇ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಊರುಗಳು 57ಎ ಎಂಬ ಒಂದೇ ಹಾಳೆಯಲ್ಲಿ ಬರುತ್ತವೆ. ಯಲಬುರ್ಗಾ ಮಾತ್ರ ಹಾಳೆಯ ಪಶ್ಚಿಮದ ಅಂಚಿನಲ್ಲಿದೆ. 76 ಡಿಗ್ರಿ ರೇಖೆ ಆ ಪಟ್ಟಣಕ್ಕೆ ತೀರ ಸಮೀಪದಲ್ಲಿ ಹಾಯುತ್ತದೆ.

ನೆಲವನ್ನು ಗುರುತಿಸುವ ಹಳೆಯ ಕ್ರಮ ಬೇರೆಯಾಗಿತ್ತು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದೆಂದು ಹೇಳಿತು. ಅಂದರೆ ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ಈ ನಾಲ್ಕೂ 15 ಮತ್ತು 16ನೇ ಅಕ್ಷಾಂಶಗಳ ನಡುವೆಯೇ ಇವೆ. ಆದರೆ ಕವಿಗೆ ಅಂಕಿ ಬೇಕಿರಲಿಲ್ಲ, ಊರುಗಳೇ ಸಾಕಾಗಿದ್ದವು.

ಅಂಕಿ ಬೇಕಾದದ್ದು ಕಂಪನಿ ಸರ್ಕಾರಕ್ಕೆ. 1802ರ ಏಪ್ರಿಲ್‌ನಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸರಪಳಿ ಎಳೆದು ಆಧಾರರೇಖೆಯೊಂದನ್ನು ಅಳೆದರು. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಸರ್ವೆ ಮಂಗಳೂರಿನವರೆಗೂ ಸಾಗಿತು. ಕರಾವಳಿಯಿಂದ ಕರಾವಳಿಗೆ ಇರುವ ಅಗಲ ಹಿಂದಿನ ನಕ್ಷೆಗಳು ತೋರಿಸಿದ್ದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂಬುದು ಆಗ ತಿಳಿಯಿತು!

ಅಕ್ಷಾಂಶವನ್ನು ನಕ್ಷತ್ರದ ಎತ್ತರ ನೋಡಿ ತಿಳಿಯಬಹುದು. ರೇಖಾಂಶ ಹಾಗಲ್ಲ, ಅದು ಕಾಲದ ಲೆಕ್ಕ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ನಮ್ಮ ಗಡಿಯಾರ ನಡೆಯುವುದು ಎಂಬತ್ತೆರಡೂವರೆ ಡಿಗ್ರಿಯ ರೇಖೆಯನ್ನು ಅನುಸರಿಸಿ. ಆದ್ದರಿಂದ ಯಲಬುರ್ಗಾದಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ 12 ಗಂಟೆ 26 ನಿಮಿಷವಾಗಿರುತ್ತದೆ.

ಸರ್ವೆಯ ರೇಖಾಂಶಗಳಿಗೆಲ್ಲ ಮದರಾಸಿನ ಖಗೋಳ ವೀಕ್ಷಣಾಲಯವೇ ಆಧಾರ. ಗ್ರೀನಿಚ್‌ಗೂ ಅದಕ್ಕೂ ಇರುವ ಕಾಲದ ಅಂತರವನ್ನು ಗುರುಗ್ರಹದ ಉಪಗ್ರಹಗಳ ಗ್ರಹಣ ನೋಡಿ ಲೆಕ್ಕ ಹಾಕಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಂತಿಯ ಮೂಲಕ ಕಾಲಸಂಕೇತ ಕಳಿಸಿ ಪರೀಕ್ಷಿಸಿದಾಗ ಸುಮಾರು ಹತ್ತು ಸೆಕೆಂಡುಗಳ ತಪ್ಪು ಖಚಿತವಾಯಿತು. ಹತ್ತು ಸೆಕೆಂಡು ಎಂದರೆ ಡಿಗ್ರಿಯ 24ರಲ್ಲಿ ಒಂದು ಭಾಗ. ನಮ್ಮ ಸೀಮೆಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 107 ಕಿಲೋಮೀಟರ್. ಹೀಗಾಗಿ ಹಳೆಯ ನಕ್ಷೆಗಳ 76 ಡಿಗ್ರಿ ರೇಖೆ ಈಗಿನದಕ್ಕಿಂತ ಸುಮಾರು ನಾಲ್ಕೂವರೆ ಕಿಲೋಮೀಟರ್ ಪಶ್ಚಿಮಕ್ಕಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಕ್ಷೆಗಳನ್ನು ತಿದ್ದಲಾಯಿತು.

ತಿದ್ದುಪಡಿ ಅಲ್ಲಿಗೇ ಮುಗಿಯಲಿಲ್ಲ. ಭೂಮಿಯ ಆಕಾರವನ್ನು ಜಾರ್ಜ್ ಎವರೆಸ್ಟ್ ಗಣಿಸಿದ ಕ್ರಮಕ್ಕೂ ಇಂದಿನ ಉಪಗ್ರಹಗಳು ಬಳಸುವ ಲೆಕ್ಕಕ್ಕೂ ವ್ಯತ್ಯಾಸವಿದೆ. ಹಳೆಯ ಹಾಳೆಯಲ್ಲಿ ನೋಡಿಕೊಂಡ ಬಿಂದುವಿಗೂ ಉಪಕರಣ ತೋರಿಸುವ ಬಿಂದುವಿಗೂ ನಡುವೆ ನೂರು ಮೀಟರಿಗೂ ಹೆಚ್ಚಿನ ಅಂತರ ಬೀಳುತ್ತದೆ.

ಹಾಗಾದರೆ ನಿಜವಾದ ಬಿಂದು ಯಾವುದು? ಮೂರೂ ಅವರವರ ಲೆಕ್ಕಕ್ಕೆ ಸರಿಯೇ. ರೇಖೆ ನೆಲದಲ್ಲಿ ಹುಟ್ಟಿದ್ದಲ್ಲ, ಜನ ಒಪ್ಪಿಕೊಂಡದ್ದು. ಒಪ್ಪಂದ ಬದಲಾದರೆ ರೇಖೆಯೂ ಸರಿಯುತ್ತದೆ. ಆ ಸೀಮೆಯ ರೈತ ತನ್ನ ಹೊಲವನ್ನು ಗುರುತಿಸುವುದು ಬದುವಿನಿಂದ, ಬಾಂದುಗಲ್ಲಿನಿಂದ. ರೇಖೆ ನಾಲ್ಕೂವರೆ ಕಿಲೋಮೀಟರ್ ಸರಿದಾಗ ಅವನ ಬದು ಒಂದಂಗುಲವೂ ಕದಲಲಿಲ್ಲ. ಬಿಂದು ಹುಡುಕಿ ಹೋಗುವವರು ಬೆಳೆ ತುಳಿಯುವ ಮುನ್ನ ಹೊಲದವರ ಅಪ್ಪಣೆ ಕೇಳುವುದು ಅದಕ್ಕಾಗಿಯೇ ಯೋಗ್ಯ.