ಸ್ಟೇಷನ್ ಬದಲಾಯ್ತು, ಕೇಳುಗರು ಮುಳ್ಳು ತಿರುಗಿಸಿದರು (ಹಳೇ ರೇಡಿಯೊ ಸರಣಿ, ಭಾಗ 3)

ನೀವು ದಿನಾ ಕೇಳೋ ಸ್ಟೇಷನ್ ನಾಳೆಯಿಂದ ನಿಮಗಿಷ್ಟದ ಹಾಡುಗಳನ್ನೇ ಹಾಕಲ್ಲ ಅಂದ್ರೆ ಏನ್ ಮಾಡ್ತೀರಿ? ಬೇರೆ ಆ್ಯಪ್ ತೆಗೀತೀರಿ, ಅಷ್ಟೇ. 1952ರಲ್ಲಿ ಅಷ್ಟು ಸುಲಭ ಇರಲಿಲ್ಲ. ದೇಶದೊಳಗೆ ಇದ್ದದ್ದು ಸರ್ಕಾರದ ಆಲ್ ಇಂಡಿಯಾ ರೇಡಿಯೊ ಒಂದೇ. ಮನೇಲಿ ರೇಡಿಯೊ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕು, ಅದಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕು. (ಹೌದು, ಬೈಕಿಗಲ್ಲ, ರೇಡಿಯೊಗೆ!)

ಆ ವರ್ಷ ಪ್ರಸಾರ ಖಾತೆಯ ಸಚಿವರಾದವರು ಬಿ.ವಿ. ಕೇಸ್ಕರ್. ಶಾಸ್ತ್ರೀಯ ಸಂಗೀತ ಅಂದ್ರೆ ಅವರಿಗೆ ಪ್ರಾಣ. ಸಿನಿಮಾ ಹಾಡು ಜನರ ಅಭಿರುಚಿ ಕೆಡಿಸುತ್ತೆ ಅನ್ನೋದು ಅವರ ಲೆಕ್ಕ. ಹಾಡುಗಳಿಗೆ ಜರಡಿ ಹಿಡಿದರು, ಸಮಯ ಕತ್ತರಿಸಿದರು. ಸಿನಿಮಾದ ಹೆಸರು ಹೇಳಿದ್ರೆ ಜಾಹೀರಾತು ಆಗುತ್ತೆ ಅಂತ ಅದನ್ನೂ ನಿಲ್ಲಿಸಿದರು. ನಿರ್ಮಾಪಕರು ಸಿಟ್ಟಾಗಿ ಪ್ರಸಾರದ ಹಕ್ಕನ್ನೇ ವಾಪಸ್ ತಗೊಂಡರು. ಸಿನಿಮಾ ಹಾಡು ಹೆಚ್ಚೂಕಮ್ಮಿ ಮಾಯ.

ಆಗ ಕೇಳುಗರು ಮಾಡಿದ್ದು ಒಂದೇ ಸಣ್ಣ ಕೆಲಸ. ರೇಡಿಯೊದ ಮುಳ್ಳು ತಿರುಗಿಸಿದರು.

ಮುಳ್ಳು ಹೋಗಿ ನಿಂತದ್ದು ಕೊಲಂಬೊದ ರೇಡಿಯೊ ಸಿಲೋನ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಬ್ರಿಟಿಷರು ಹಾಕಿದ್ದ ದೊಡ್ಡ ಟ್ರಾನ್ಸ್‌ಮಿಟರ್ ಯುದ್ಧ ಮುಗಿದ ಮೇಲೆ ಸಿಲೋನ್ ಸರ್ಕಾರದ ಪಾಲಾಗಿತ್ತು. ಶಾರ್ಟ್‌ವೇವ್ ಅಲೆ ವಾತಾವರಣದ ಮೇಲ್ಪದರಕ್ಕೆ ಬಡಿದು ಕೆಳಗೆ ಬರೋದರಿಂದ ಸಮುದ್ರ, ಗಡಿ ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. 1952ರ ಡಿಸೆಂಬರ್‌ನಲ್ಲಿ ಅಲ್ಲಿ 'ಬಿನಾಕಾ ಗೀತ್‌ಮಾಲಾ' ಶುರುವಾಯ್ತು. ನಿರೂಪಕ ಅಮೀನ್ ಸಯಾನಿ. ಮೊದಲ ಕಾರ್ಯಕ್ರಮಕ್ಕೇ ಸುಮಾರು 9,000 ಪತ್ರ ಬಂದವಂತೆ. ತಮಾಷೆ ನೋಡಿ: ರೆಕಾರ್ಡಿಂಗ್ ಆಗ್ತಿದ್ದದ್ದು ಬಾಂಬೆಯಲ್ಲಿ. ಟೇಪು ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅದೇ ದನಿ ಗಾಳಿಯಲ್ಲಿ ವಾಪಸ್ ನಮ್ಮ ಮನೆಗಳಿಗೆ! ಟೂತ್‌ಪೇಸ್ಟ್ ಕಂಪನಿಯ ಜಾಹೀರಾತಿನ ದುಡ್ಡೂ ಹಾಗೇ ಅಲ್ಲಿಗೆ ಹೋಯ್ತು.

ಕೇಸ್ಕರ್ ಬರೀ ವಿಲನ್ ಅಂತ ನಾನು ಬರೆಯಲ್ಲ. ರಾಜರ ಆಸ್ಥಾನಗಳು ಮುಚ್ಚಿಹೋಗಿದ್ದ ಕಾಲ ಅದು, ಸಂಗೀತಗಾರರಿಗೆ ಅನ್ನ ಎಲ್ಲಿಂದ? ಆಕಾಶವಾಣಿ ಕೊಟ್ಟಿತು. ನಮ್ಮ ಮಲ್ಲಿಕಾರ್ಜುನ ಮನ್ಸೂರರೂ ಮುಂದೆ ಧಾರವಾಡ ಕೇಂದ್ರದಲ್ಲಿ ಸಂಗೀತ ಸಲಹೆಗಾರರಾಗಿದ್ದರು. 1952ರಲ್ಲೇ ಶುರುವಾದ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಿಂದ ದೊಡ್ಡ ದೊಡ್ಡ ಕಲಾವಿದರು ಸಾಮಾನ್ಯರ ಮನೆಗೂ ಬಂದರು. ಆದ್ರೆ ಲೈಸೆನ್ಸ್ ದುಡ್ಡು ಕಟ್ಟೋನನ್ನ ಒಂದು ಮಾತು ಕೇಳಬೇಕಿತ್ತು, ಅಲ್ವಾ?

ಐದು ವರ್ಷ ಹಿಡೀತು. 1957ರ ಅಕ್ಟೋಬರ್ 3ರಂದು, ಅದೇ ಕೇಸ್ಕರ್ ಸಚಿವರಾಗಿದ್ದಾಗಲೇ, 'ವಿವಿಧ ಭಾರತಿ' ಶುರುವಾಯ್ತು. ಸಿನಿಮಾ ಹಾಡಿಗೆ ಮತ್ತೆ ಮನೆಯ ಬಾಗಿಲು ತೆರೀತು. ಹಾಗಂತ ಸಿಲೋನ್ ಹಿಡಿದವರು ತಕ್ಷಣ ಬಿಟ್ಟು ಬರಲಿಲ್ಲ. ಗೀತ್‌ಮಾಲಾ ವಿವಿಧ ಭಾರತಿಗೆ ಬಂದದ್ದು 1989ರಲ್ಲಿ. ಅಲ್ಲೀತನಕ ಗೊರಗೊರ ಸದ್ದಿನ ನಡುವೆಯೇ ಕಿವಿಗೊಟ್ಟು ಕೇಳಿದವರಿದ್ದರು. ಮನೇಲಿ ಅಜ್ಜ ಅಜ್ಜಿ ಇದ್ರೆ 'ಸಿಲೋನ್' ಅಂತ ಒಂದು ಮಾತು ಹೇಳಿ ನೋಡಿ, ಏನಂದ್ರು ಅಂತ ಕಾಮೆಂಟಲ್ಲಿ ಬರೀರಿ.

ಮುಂದಿನ ಭಾಗ ಮೈಸೂರು: ಮನೆಯಲ್ಲೇ ರೇಡಿಯೊ ಸ್ಟೇಷನ್ ಶುರು ಮಾಡಿದ ಸೈಕಾಲಜಿ ಪ್ರೊಫೆಸರ್.